ಒಂದು ಲಕ್ಷದ ನೂರ ಇಪ್ಪತ್ತೇಳು

ಗೇರ್ ಚಕ್ರಗಳಿಗೆ ಹಲ್ಲು ಕೊರೆಯುವುದು ಅವನ ಕೆಲಸ. ಹಾಗಾಗಿ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಅವನು ಹಲ್ಲಣ್ಣ. ಚಕ್ರಕ್ಕೆ ಇಷ್ಟು ಹಲ್ಲು ಎಂದರೆ, ಆ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆಂದು ಮೊದಲು ನೋಡುವುದು ಅವನ ರೂಢಿ. ಅವನಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು ಅಕ್ಕ. ಈಗ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ.

ಹೃದಯದ ಕವಾಟ ಬದಲಿಸುವ ದಿನ ಅಕ್ಕ ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಮಣಿಕಟ್ಟಿನ ಪಟ್ಟಿ ತೋರಿಸಿದಳು. ಅದರ ಮೇಲೆ ಅವಳ ನಂಬರು: 100127.

"ಇದು ಬೇರೆ ಸಂಖ್ಯೆಯಿಂದ ಭಾಗವಾಗಿ ಒಡೆಯುತ್ತೋ ಇಲ್ಲವೋ, ನಾನು ಬರೋದ್ರೊಳಗೆ ಹೇಳು. ಫೋನ್ ಮುಟ್ಟಬೇಡ."

"ಈಗ್ಲೂ ತಮಾಷೆನಾ ಅಕ್ಕ?"

"ಕೆಲಸ ಕೊಡದಿದ್ರೆ ಅಮ್ಮನ ತಲೆ ತಿಂತೀಯ."

ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತು. ಮೂರು ಗಂಟೆ ಎಂದಿದ್ದರು.

ಅವನು ಔಷಧಿ ಚೀಟಿಯ ಹಿಂಬದಿಯಲ್ಲಿ ಶುರುಮಾಡಿದ. ಅದರ ವರ್ಗಮೂಲ, ಅಂದರೆ ಮುನ್ನೂರ ಹದಿನಾರರವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿದರೆ ಸಾಕು. ಅಷ್ಟರೊಳಗೆ ಒಡೆಯದಿದ್ದರೆ ಮುಂದೆಯೂ ಒಡೆಯದು. ಏಳರಿಂದ ಭಾಗಿಸಿದರೆ ಆರು ಉಳಿಯಿತು. ಹನ್ನೊಂದರಿಂದ ಐದು. ಹದಿಮೂರರಿಂದ ಒಂದೇ ಒಂದು. ಎರಡು ಭಾಗಾಕಾರಕ್ಕೊಮ್ಮೆ ಎದ್ದು ಬಾಗಿಲ ತನಕ ಹೋಗಿ ಬಂದ.

"ಕಾಲಿಗೆ ಚಕ್ರ ಕಟ್ಕೊಂಡಿದೀಯೇನೋ? ಕೂತ್ಕೋ," ಎಂದಳು ಅಮ್ಮ. ಅವಳು ಸೆರಗಿನ ಅಂಚನ್ನು ಸುತ್ತುತ್ತ ಬಿಚ್ಚುತ್ತ ಇದ್ದಳು.

ನಾಲ್ಕನೇ ಗಂಟೆಯಲ್ಲಿ ಒಬ್ಬ ನರ್ಸ್ ರಕ್ತದ ಚೀಲ ಹಿಡಿದು ಒಳಗೆ ಓಡಿದಳು. ಅವನು ಆಗ ನೂರ ನಲವತ್ತೊಂಬತ್ತರಲ್ಲಿದ್ದ. ಉಳಿದದ್ದು ನೂರ ನಲವತ್ತೆಂಟು. ಇನ್ನೊಂದೇ ಒಂದು ಹೆಚ್ಚಿದ್ದಿದ್ದರೆ! ಇದು ಒಡೆದರೆ ಅಕ್ಕ ಉಳಿಯುತ್ತಾಳೆ ಎಂಬ ಹುಚ್ಚು ಯೋಚನೆ ತಲೆಗೆ ಹೊಕ್ಕಿತು. ಛೆ ಎಂದು ಕೊಡವಿದರೂ ಬಿಡಲಿಲ್ಲ. ಸಾಲು ಸಾಲಾಗಿ ಭಾಗಿಸುತ್ತ ಹೋದ.

ಇನ್ನೂರ ಇಪ್ಪತ್ಮೂರರಲ್ಲಿ ಶೇಷ ಸೊನ್ನೆ. ಮತ್ತೆ ಮಾಡಿದ. ಸೊನ್ನೆಯೇ. 223 ಗುಣಿಸು 449.

"ಅಮ್ಮ, ಒಡೀತು!"

"ಏನು ಒಡೀತೋ?" ಅಮ್ಮ ಗಾಬರಿಯಿಂದ ಎದ್ದು ನಿಂತಳು.

ಸಂತೋಷವೇನೂ ಆಗಲಿಲ್ಲ. ಬಾಗಿಲು ಮುಚ್ಚಿಯೇ ಇತ್ತು. ಈಗ ಕೈಗೆ ಕೆಲಸವೂ ಇಲ್ಲ. ಆಮೇಲಿನ ಮುಕ್ಕಾಲು ಗಂಟೆ ಅವನಿಗೆ ಎಲ್ಲಕ್ಕಿಂತ ಉದ್ದವಾಯಿತು.

ಕೊನೆಗೆ ಡಾಕ್ಟರು ಹೊರಬಂದರು. "ರಕ್ತ ನಿಲ್ಲೋದು ತಡವಾಯ್ತು. ಈಗ ಪರವಾಗಿಲ್ಲ."

ಅಮ್ಮ ಕೈಮುಗಿದಳು. ಅವನು ಚೀಟಿಯನ್ನು ಮಡಚಿ ಜೇಬಿಗಿಟ್ಟ.

ಮರುದಿನ ಬೆಳಿಗ್ಗೆ ಐದು ನಿಮಿಷ ಒಳಗೆ ಬಿಟ್ಟರು. ಅಕ್ಕನ ಬಾಯಲ್ಲಿ ಕೊಳವೆ ಇತ್ತು. ಅವನು ಬಗ್ಗಿ ಎರಡು ಸಂಖ್ಯೆಗಳನ್ನೂ ಹೇಳಿದ. ಅವಳು ಅವನ ಅಂಗೈ ಮೇಲೆ ಬೆರಳಿನಿಂದ ಬರೆದಳು: 449, ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ.

ಅದು ಮತ್ತೆ ಒಡೆಯುತ್ತದೋ ಎಂದು ಪರೀಕ್ಷಿಸಿಯೇ ಇರಲಿಲ್ಲ! ಅಲ್ಲೇ ನಿಂತು ಮನಸ್ಸಿನಲ್ಲೇ ಹತ್ತೊಂಬತ್ತರ ತನಕ ಭಾಗಿಸಿದ. ಅವನಿಗೆ ನಗು ಬಂತು, ಕಣ್ಣೂ ತುಂಬಿತು.

"ಒಡೆಯಲ್ಲ ಮೇಡಂ."

ಅಕ್ಕ ಕಣ್ಣು ಮುಚ್ಚಿ ತಲೆಯಾಡಿಸಿದಳು.

ಹೊರಗೆ ಬಂದವನು ಬೆಂಚಿನ ಮೇಲೆ ಉರುಳಿ, ಮಾತಾಡುತ್ತಿದ್ದ ಹಾಗೇ ನಿದ್ದೆ ಹೋದ. ಅಮ್ಮ ಅವನ ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗೆ ಜೋಡಿಸಿಟ್ಟಳು.