ಬಾಯಿ ಕಟ್ಟಿದ ಕಾರು

ವರ್ಜಿಲ್ ತೀರಿಕೊಂಡ ಗೆಳೆಯನ ಕಾರಿನಡಿ ನುಸುಳಿ ಸೈಲೆನ್ಸರಿನ ಮೊದಲ ಬೋಲ್ಟು ಸಡಿಲಿಸಿದ್ದನಷ್ಟೇ, ಅವನ ಬೂಟಿಗೆ ಯಾರೋ ಊರುಗೋಲಿನಿಂದ ಟಪ್ಪನೆ ಬಡಿದರು.

"ಹೊರಗೆ ಬಾ."

ತೆವಳಿಕೊಂಡು ಹೊರಬಂದು ನೋಡಿದರೆ ವಾಂಡಾ. ಕರಿ ಉಡುಪು, ಕರಿ ಟೋಪಿ. ಇನ್ನು ಸ್ವಲ್ಪ ಹೊತ್ತಿಗೆ ಚರ್ಚಿನಲ್ಲಿ ಅವಳ ಗಂಡ ಬ್ರೂನೋನ ಅಂತ್ಯಕ್ರಿಯೆ, ಇವಳು ಇಲ್ಲಿ ಗ್ಯಾರೇಜಿನಲ್ಲಿ.

"ಏನ್ ಮಾಡ್ತಿದ್ದೀಯ?"

"ಸೈಲೆನ್ಸರ್ ಬಿಚ್ತಿದ್ದೀನಿ. ನಮ್ಮ ಕಾರ್ ಕ್ಲಬ್ಬಿನ ಪದ್ಧತಿ ನಿಂಗೊತ್ತಲ್ಲ ವಾಂಡಾ. ಸಮಾಧಿ ಹತ್ರ ಎಲ್ರೂ ಎಂಜಿನ್ ರೇಸ್ ಮಾಡ್ತೀವಿ, ಎಲ್ಲರದೂ ಆದ್ಮೇಲೆ ಕೊನೆಗೆ ಸತ್ತೋನ ಕಾರು. ಇದು ಹೀಗೇ ಇದ್ರೆ ಬೆಕ್ಕು ಕೆಮ್ಮಿದಂಗಿರುತ್ತೆ. ಅಷ್ಟು ಜನರ ಮುಂದೆ ಬ್ರೂನೋ ಮಾನ ಹೋಗುತ್ತೆ."

"ಅವನ ಮಾನ ನಾನು ನೋಡ್ಕೋತೀನಿ. ಬಿಗಿ ಮಾಡು."

"ಇವತ್ತೊಂದಿನ..."

"ಬಿಗಿ ಮಾಡು ಅಂದೆ. ನಾನು ಇದ್ರಲ್ಲೇ ಕೂತ್ಕೊಂಡು ಸ್ಮಶಾನಕ್ಕೆ ಬರ್ತೀನಿ."

ಮಗಳು ಡೋರೀನ್ ಅಮ್ಮನನ್ನು ಹುಡುಕಿಕೊಂಡು ಓಡಿಬಂದಳು. "ಅಮ್ಮಾ, ನಮಗೆ ಅಂತ ಬೇರೆ ಕಾರು ಬಂದು ನಿಂತಿದೆ. ಇದ್ರಲ್ಲಿ ಕೂತ್ರೆ ತಲೆ ಸಿಡಿಯುತ್ತೆ ಅಂತ ನೀನೇ ಹೇಳ್ತಿದ್ಯಲ್ಲ?"

"ಹೋದ ಭಾನುವಾರ ಕರೆದ ಕಣೆ ನಿಮ್ಮಪ್ಪ. ಕಾರಿನ ಸದ್ದಡಗಿಸೋ ಕೆಲಸ ಈ ಸಲ ನಿಜವಾಗ್ಲೂ ಮುಗೀತು, ಒಂದು ಸುತ್ತು ಹೋಗ್ಬರೋಣ ಬಾ ಅಂದ. ಮಂಡಿನೋವು, ಮುಂದಿನ ವಾರ ನೋಡೋಣ ಅಂದೆ." ವಾಂಡಾ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. "ಇದೇ ಆ ಮುಂದಿನ ವಾರ. ಮುಗಿಸಿದ್ದು ನಿಜವೋ ಸುಳ್ಳೋ ನೋಡ್ದೆ ಅವನನ್ನ ಮಣ್ಣಿಗೆ ಕೊಡಲ್ಲ ನಾನು."

ವರ್ಜಿಲ್ ಗೊಣಗುತ್ತ ಮತ್ತೆ ಕಾರಿನಡಿ ನುಸುಳಿದ. ಆ ಮನೆಯಲ್ಲಿ ವಾಂಡಾಳ ಎದುರು ವಾದ ಮಾಡಿ ಗೆದ್ದವರಿಲ್ಲ.

*

ಅರವತ್ತೊಂಬತ್ತನೇ ಇಸವಿಯ ಹಸಿರು ಕಾರು, ಎಂಟು ಸಿಲಿಂಡರಿನದು. ಮದುವೆಗೆ ಮುಂಚೆ ಅದರ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಸಾಕು, ವಾಂಡಾ ಅಪ್ಪನ ಕಣ್ಣು ತಪ್ಪಿಸಿ ಹೊರಗೆ ಓಡಿಬರುತ್ತಿದ್ದಳು. ಆಗ ಅವಳ ಕಿವಿ ಚೆನ್ನಾಗಿತ್ತು. ಡೆಟ್ರಾಯಿಟಿನ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಮುಂದೆ ಅರ್ಧ ಆಯುಷ್ಯ ನಿಂತ ಮೇಲೆ ಕಿವಿ ಹೋಯಿತು, ಕಿವಿಯಂತ್ರ ಬಂತು. ಮನೆಯಲ್ಲಿ ಅದರಿಂದ ತೊಂದರೆಯಿರಲಿಲ್ಲ. ಈ ಕಾರಿನಲ್ಲಿ ಮಾತ್ರ ಎಂಜಿನ್ನಿನ ಗುಡುಗು, ತಗಡಿನ ನಡುಕ ಎಲ್ಲವನ್ನೂ ದುಪ್ಪಟ್ಟು ಮಾಡಿ ತಲೆಯೊಳಗೆ ಸುರಿಯುತ್ತಿತ್ತು. ಹಾಗಾಗಿ ಹತ್ತಿದ ಕೂಡಲೇ ಯಂತ್ರ ಬಿಚ್ಚಿ ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು. ಗಂಡ ಏನು ಹೇಳಿದರೂ ನಗುತ್ತ ತಲೆಯಾಡಿಸುವುದು ಅಭ್ಯಾಸವಾಗಿಬಿಟ್ಟಿತ್ತು.

ಒಂದು ದಿನ ಬ್ರೂನೋ ಕಾರು ಓಡಿಸುತ್ತಲೇ, ತನ್ನ ತಮ್ಮನಿಗೆ ಕ್ಯಾನ್ಸರ್ ಅಂತೆ, ಉಳಿಯುವುದು ಕಷ್ಟವಂತೆ ಎಂದ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದುದನ್ನು ಹೇಳಿದ. ಜನ್ಮದಲ್ಲಿ ಅಷ್ಟು ಮಾತಾಡಿದವನಲ್ಲ ಅವನು. ಪಕ್ಕಕ್ಕೆ ತಿರುಗಿ ನೋಡಿದರೆ ಹೆಂಡತಿ ನಗುತ್ತ ತಲೆಯಾಡಿಸುತ್ತಿದ್ದಾಳೆ.

ಮನೆಗೆ ಬಂದು ಜಗಳವಾಡಲಿಲ್ಲ. ಸೀದಾ ಗ್ಯಾರೇಜಿಗೆ ಹೋಗಿ ಕಾರಿನ ಸೀಟುಗಳನ್ನೆಲ್ಲ ಕಿತ್ತು ಹೊರಗಿಟ್ಟ. ಅವನು ಹೇಳಿದ್ದೇನೆಂದು ವಾಂಡಾಳಿಗೆ ಗೊತ್ತಾದದ್ದು ಆಮೇಲೆ, ವರ್ಜಿಲನ ಬಾಯಿಂದ.

ಮೊದಲು ಮಾಡಿದ್ದು ಶುದ್ಧ ಪೆದ್ದುತನ. ಮನೆಯ ಸೂರಿಗೆ ಅಂಟಿಸುವ ಡಾಂಬರು ಪಟ್ಟಿ ಅಗ್ಗವೆಂದು ಅದನ್ನೇ ಕಾರಿನ ನೆಲಕ್ಕೆಲ್ಲ ಮೆತ್ತಿದ. ಜುಲೈ ಬಿಸಿಲಿಗೆ ಅದು ಕರಗಿ ವಾಂಡಾಳ ಹೊಸ ಚಪ್ಪಲಿಯನ್ನು ಹಿಡಿದುಕೊಂಡಿತು. ಅವಳು ಆ ಭಾನುವಾರ ಬರಿಗಾಲಲ್ಲಿ ಚರ್ಚಿಗೆ ಹೋದಳು. ಇಡೀ ಚಳಿಗಾಲ ಅದನ್ನು ಕೆರೆದು ತೆಗೆಯುವುದೇ ಆಯಿತು. ಆಮೇಲೆ ಸದ್ದು ಹೀರಲು ಕಾರಿಗೆಂದೇ ಮಾಡಿದ ದಪ್ಪ ಹಾಳೆ ತಂದು, ಹಿಟ್ಟು ಲಟ್ಟಿಸಿದ ಹಾಗೆ ಒತ್ತಿ ಒತ್ತಿ ಅಂಟಿಸಿದ. ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡುವನು. ಠಣ್ ಎಂದರೆ ಇನ್ನೂ ಬೇಕು, ದಪ್ ಎಂದರೆ ಸಾಕು. ಎಂಜಿನ್ ಕಡೆಯ ಗೋಡೆಯಲ್ಲಿದ್ದ ತೂತುಗಳಿಗೆಲ್ಲ ರಬ್ಬರ್ ತುರುಕಿದ, ಬಾಗಿಲುಗಳಿಗೆ ಹೊಸ ಪಟ್ಟಿ ಕೂರಿಸಿದ. ಹರೆಯದಲ್ಲಿ ರೇಸಿಗೆಂದು ವರ್ಜಿಲನೊಡನೆ ಸೇರಿ ಎಂಜಿನ್ನಿನ ಅಡಿಗೆ ಗಟ್ಟಿ ಕಬ್ಬಿಣದ ತುಂಡುಗಳನ್ನು ಕೊಟ್ಟಿದ್ದ. ಅವುಗಳನ್ನೂ ಕಿತ್ತು ರಬ್ಬರಿನವು ಹಾಕಿದ. ವರ್ಜಿಲನಿಗೆ ತಡೆಯಲಾಗಲಿಲ್ಲ.

"ಹುಲಿಗೆ ಮೂಗುದಾರ ಹಾಕ್ತಿದ್ದೀಯಲ್ಲೋ, ನಾಚ್ಕೆ ಆಗಲ್ವಾ ನಿಂಗೆ?"

"ಹುಲಿ ಜೊತೆ ಸಂಸಾರ ಮಾಡ್ತಿರೋನು ನಾನು. ಮುಚ್ಕೊಂಡು ದೀಪ ಹಿಡಿ."

ಪ್ರತಿ ವಸಂತದಲ್ಲೂ ಒಂದು ಪರೀಕ್ಷೆ. ಹೆದ್ದಾರಿ ಹತ್ತಿದ ಕೂಡಲೇ ವಾಂಡಾಳ ಕೈ ಯಂತ್ರ ಬಿಚ್ಚಲು ತಾನಾಗಿ ಕಿವಿಗೆ ಹೋಗುತ್ತಿತ್ತು. ಬ್ರೂನೋ ಕಾರು ತಿರುಗಿಸಿ, ಮನೆಗೆ ಬಂದು ಮತ್ತೆ ಸೀಟು ಕೀಳುತ್ತಿದ್ದ.

*

ಚರ್ಚಿನಲ್ಲಿ ಪೂಜೆ ಮುಗಿದು, ಚಾವಣಿಗೆ ಪುಟ್ಟ ಬಾವುಟ ಅಂಟಿಸಿಕೊಂಡ ಕಾರುಗಳು ಶವದ ಗಾಡಿಯ ಹಿಂದೆ ಸಾಲಾಗಿ ಹೊರಟವು. ಹಸಿರು ಕಾರನ್ನು ವರ್ಜಿಲ್ ಓಡಿಸುತ್ತಿದ್ದ. ಡೋರೀನ್ ಹಿಂದೆ ಕೂತಿದ್ದಳು. ಹತ್ತುವಾಗ ಅಭ್ಯಾಸದಂತೆ ಬಿಚ್ಚಿ ಪರ್ಸಿಗೆ ಹಾಕಿದ್ದ ಕಿವಿಯಂತ್ರಗಳನ್ನು ವಾಂಡಾ ಹೊರತೆಗೆದು ಮತ್ತೆ ಎರಡೂ ಕಿವಿಗೆ ಹಾಕಿಕೊಂಡಳು.

ಊರೊಳಗಿನ ರಸ್ತೆ ಮುಗಿದು ಹೆದ್ದಾರಿ ಬಂತು. ಕಾರು ವೇಗ ಹಿಡಿಯಿತು. ಡೋರೀನ್ ಅಮ್ಮನ ಕೈಯನ್ನೇ ನೋಡುತ್ತಿದ್ದಳು. ಕೈ ಮಡಿಲಲ್ಲೇ ಇತ್ತು. ರಸ್ತೆಯ ಸಂದುಗಳ ಮೇಲೆ ಚಕ್ರ ಹಾಯುವ ಸದ್ದು, ಆಚೆಮನೆಯಲ್ಲಿ ಯಾರೋ ದಿಂಬು ಬಡಿದಂತೆ ಕೇಳುತ್ತಿತ್ತು.

ವರ್ಜಿಲ್ ಮೀಸೆಯೊಳಗೇ ಗೊಣಗಿದ: "ಮಾಡೇಬಿಟ್ಟ ನನ್ಮಗ."

"ಸತ್ತೋನನ್ನ ಬೈಬೇಡ," ಎಂದಳು ವಾಂಡಾ.

ವರ್ಜಿಲ್ ಬೆಚ್ಚಿ ತಿರುಗಿದ. ಡೋರೀನ್ ಪಿಸುಗುಟ್ಟಿದಳು: "ಅಮ್ಮಾ, ಕೇಳಿಸ್ತಾ?"

"ಕೇಳಿಸ್ತು. ನೀನು ಮೂಗು ಸೊರ್ ಸೊರ್ ಅನ್ನೋದೂ ಕೇಳಿಸ್ತಿದೆ. ಕರ್ಚೀಫ್ ತಗೋ."

ವಾಂಡಾಳಿಗೆ ಹೆಮ್ಮೆಯಿಂದ ಎದೆ ಉಬ್ಬಿತು. ಅದರ ಬೆನ್ನಿಗೇ ಸಂಕಟವೂ ಬಂತು. ಎಲ್ಲ ಕೇಳುತ್ತಿದೆ, ಹೇಳಬೇಕಾದವನು ಮುಂದಿನ ಗಾಡಿಯಲ್ಲಿ ಮಲಗಿದ್ದಾನೆ. ಮಂಡಿನೋವಂತೆ ಮಂಡಿನೋವು! ತನ್ನ ಮಂಡಿಯ ಮೇಲೆ ತಾನೇ ಒಂದು ಗುದ್ದಿಕೊಂಡಳು.

ಸಮಾಧಿಯ ಬಳಿ ಪಾದ್ರಿಯ ಪ್ರಾರ್ಥನೆ ಮುಗಿಯಿತು. ವಾಂಡಾ ಒಂದು ಹಿಡಿ ಮಣ್ಣು ಹಾಕಿ, ಯಾರ ತೋಳನ್ನೂ ಹಿಡಿಯದೆ ನಡೆದುಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಡೋರೀನ್ ಹಿಂದೆ ಹತ್ತಿದಳು. ಕ್ಲಬ್ಬಿನವರು ಒಬ್ಬರಾದ ಮೇಲೊಬ್ಬರು ಎಂಜಿನ್ ರೇಸ್ ಮಾಡಿದರು. ನೆಲ ಅದುರಿತು, ಮರದ ಹಕ್ಕಿಗಳೆಲ್ಲ ಎದ್ದು ಹಾರಿದವು. ಕೊನೆಗೆ ಎಲ್ಲ ಸದ್ದಡಗಿ, ಎಲ್ಲರ ಕಣ್ಣು ಹಸಿರು ಕಾರಿನ ಮೇಲೆ ಬಿತ್ತು. ವರ್ಜಿಲ್ ಕೂತು ಎಂಜಿನ್ ಚಾಲೂ ಮಾಡಿದ.

"ಒತ್ಲಾ?"

"ಬೇಡ. ಹಂಗೇ ಓಡ್ತಿರ್ಲಿ. ನೀನು ಇಳಿ. ಡೋರೀನ್, ನೀನೂ ಇಳಿಯಮ್ಮ."

"ಅಷ್ಟೂ ಜನ ಕಾಯ್ತಿದ್ದಾರೆ ವಾಂಡಾ."

"ಕಾಯ್ಲಿ. ಅವತ್ತು ತಮ್ಮನ ವಿಷಯ ಹೇಳ್ದಾಗ ನಾನು ನಕ್ಕುಬಿಟ್ಟೆ. ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ."

ಇಬ್ಬರೂ ಇಳಿದರು. ವರ್ಜಿಲ್ ಬಾಗಿಲು ಹಾಕಿದ. ದಪ್ ಎಂದಿತು.

"ಎಲ್ಲಪ್ಪಾ ಗರ್ಜನೆ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಸುಮ್ನಿರೋ," ಎಂದು ಗದರಿದ ವರ್ಜಿಲ್, ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಉಳಿದವರೂ ತೆಗೆದರು.

ಗಾಜಿನಾಚೆ ವಾಂಡಾ ಖಾಲಿ ಸೀಟಿನ ಕಡೆ ಪೂರ್ತಿ ತಿರುಗಿ ಕೂತು ಮಾತಾಡುತ್ತಿದ್ದಳು. ಕೈ ಆಡಿಸುತ್ತ ಏನೋ ಹೇಳುವಳು, ನಿಲ್ಲಿಸುವಳು, ಕಿವಿ ಆ ಕಡೆಗೆ ವಾಲಿಸುವಳು, ಮತ್ತೆ ಹೇಳುವಳು. ಹೊರಗೆ ನಿಂತವರಿಗೆ ಒಂದಕ್ಷರವೂ ಕೇಳಲಿಲ್ಲ.