ನಡುಬೈಲಿನ ಯಜಮಾನರು ಮನೆಯಲ್ಲಿಲ್ಲ

ಕೋರ್ಟಿನ ಸಮನ್ಸು ತಲುಪಿಸುವ ಅಮೀನನಾಗಿ ಕಾಸರಗೋಡಿನಲ್ಲಿ ನಾನು ಮೊದಲು ಕಲಿತದ್ದು ಇಷ್ಟು: ದೊಡ್ಡ ಮನೆಯ ಯಜಮಾನರಷ್ಟು ಊರೂರು ತಿರುಗುವವರು ಲೋಕದಲ್ಲೇ ಇಲ್ಲ. ನನ್ನ ಖಾಕಿ ಕೋಟು ಗದ್ದೆಯ ಬದುವಿನಲ್ಲಿ ಕಾಣಿಸಿದರೆ ಸಾಕು, ಅವರು ಮಂಗಳೂರಿಗೆ ಹೋಗಿಬಿಟ್ಟಿರುತ್ತಾರೆ. ಅರ್ಧ ಜಗಿದ ಎಲೆಯಡಿಕೆ ಜಗಲಿಯಲ್ಲೇ ಇರುತ್ತದೆ, ಮೆಟ್ಟು ಮೆಟ್ಟಿಲ ಬುಡದಲ್ಲೇ ಇರುತ್ತದೆ. ಬರಿಗಾಲಲ್ಲಿ ಮಂಗಳೂರಿಗೆ ನಡೆಯುವ ಆ ಸರಳತೆಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಸೀತಾಂಗೋಳಿಯ ಆಚೆ ನಡುಬೈಲು ಮನೆಯ ಮುದ್ದಣ್ಣ ಶೆಟ್ಟರು ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ್ದರು. ಅವರ ಮೇಲೆ ದಾವೆ ಹಾಕಿದವರು ಒಡಹುಟ್ಟಿದ ಅಕ್ಕ ಅಮ್ಮಣ್ಣಿ. ಅವರದು ಅಳಿಯಕಟ್ಟಿನ ಮನೆ. ಅಂದರೆ ಆಸ್ತಿ ಇಳಿದು ಬರುವುದು ತಾಯಿಯ ಕಡೆಯಿಂದ, ಯಜಮಾನಿಕೆ ನಡೆಸುವವನು ಮಾತ್ರ ಆ ಹೆಂಗಸರ ಸೋದರ. ಗಂಡನಾಗಿ ಬಂದವನು ಅಲ್ಲಿ ಎಷ್ಟು ವರ್ಷ ಉಂಡರೂ ನೆಂಟನೇ. ಈ ಮನೆಯ ಭತ್ತ ಗಾಡಿಗಟ್ಟಲೆ ತಮ್ಮನ ಹೆಂಡತಿಯ ಮನೆಗೆ ಹೋಗುವುದೇಕೆ ಎಂದು ಅಮ್ಮಣ್ಣಿ ಒಮ್ಮೆ ಕೇಳಿದ್ದರು. ಉತ್ತರವಾಗಿ ಅವರ ಟ್ರಂಕು ಅಂಗಳಕ್ಕೆ ಬಂತು.

ಆಮೇಲೆ ಆರು ವರ್ಷ ಅವರು ಕುಂಬಳೆಯಲ್ಲಿ ಅಕ್ಕು ಎಂಬ ಬಡ ವಿಧವೆಯ ಜಗಲಿಯಲ್ಲಿ ಮಲಗಿ ಕಳೆದರು. ವಯಸ್ಸು ಅರುವತ್ತೆಂಟು, ಮೇಲಿಂದ ಉಬ್ಬಸ. ಕೋರ್ಟಿನಲ್ಲಿ ಅವರು ಕೇಳಿದ್ದು ಒಂದೇ: ಹುಟ್ಟಿದ ಮನೆಗೆ ಹಿಂದೆ ಹೋಗಬೇಕು, ಅಲ್ಲೇ ಸಾಯಬೇಕು. ಆದರೆ ಸಮನ್ಸು ಜಾರಿಯಾಗದೆ ದಾವೆ ಮುಂದಕ್ಕೆ ಹೋಗುವುದಿಲ್ಲ. ವಾಯಿದೆಯ ಮೇಲೆ ವಾಯಿದೆ ಬೀಳುತ್ತಿತ್ತು. ಮುದ್ದಣ್ಣ ಶೆಟ್ಟರು ಕಾಯುತ್ತಿದ್ದದ್ದು ತೀರ್ಪಿಗಲ್ಲ, ಅಕ್ಕನ ಉಸಿರು ನಿಲ್ಲುವುದಕ್ಕೆ. ನನಗೆ ಅದನ್ನು ನೆನೆದರೆ ಮೈ ಉರಿಯುತ್ತಿತ್ತು.

ಮೊದಲ ಸಲ ಹೋದಾಗ ಜಗಲಿಯಲ್ಲಿ ಗುಣಪಾಲ ಎಂಬ ದಢೂತಿ ಮನುಷ್ಯ ಕೂತಿದ್ದ. ಪ್ರತಿವಾದಿ ಸಿಗದಿದ್ದರೆ ಅವನ ಕುಟುಂಬದ ಯಾವನಾದರೂ ವಯಸ್ಕ ಗಂಡಸಿಗೆ ಸಮನ್ಸು ಕೊಡಬಹುದು, ಹೆಂಗಸರಿಗೆ ಮಾತ್ರ ಕೊಡುವಂತಿಲ್ಲ. ಹೆಂಗಸರಿಂದಲೇ ಮನೆ ನಡೆಯುವ ಈ ಸೀಮೆಗೆ ಅಂಥ ಕಾನೂನು ಬರೆದುಕೊಟ್ಟ ಬಿಳಿಯ ಬುದ್ಧಿವಂತರನ್ನು ದೇವರು ಚೆನ್ನಾಗಿಟ್ಟಿರಲಿ. ನಾನು ಕಾಗದ ಚಾಚಿದೆ.

ಗುಣಪಾಲ ಕೈ ಹಿಂದಕ್ಕೆ ಎಳೆದುಕೊಂಡ. “ಪೊರ್ಬುಗಳೇ, ನಾನು ಶೆಟ್ಟರ ತಂಗಿಯ ಮಗಳು ಪುಷ್ಪಾವತಿಯ ಗಂಡ. ಈ ಮನೆಯವ ಅಲ್ಲ ಮಾರಾಯ್ರೆ. ನನ್ನದು ನನ್ನ ಅಮ್ಮನ ಮನೆ.”

ನನ್ನ ಹೆಸರು ಸೆವರಿನ್. ಕ್ರಿಸ್ತುವರಾದ ನಮ್ಮನ್ನು ಇಲ್ಲಿಯವರು ಪೊರ್ಬುಗಳು ಎನ್ನುತ್ತಾರೆ. “ಇಲ್ಲಿಗೆ ಬಂದು ಎಷ್ಟು ದಿನ ಆಯ್ತು?” ಎಂದು ಕೇಳಿದೆ.

“ಹನ್ನೊಂದು ವರ್ಷ. ನಾಳೆ ಹೊರಡ್ಲಿಕ್ಕುಂಟು.”

ಎರಡನೆಯ ಸಲ ಸಮನ್ಸನ್ನು ಗಂಜಿ ಹಚ್ಚಿ ಬಾಗಿಲಿಗೇ ಅಂಟಿಸಿ ಬಂದೆ. ಗಂಜಿಯ ಆಸೆಗೆ ಮನೆಯ ದನ ಅದನ್ನು ನೆಕ್ಕಿ ತಿಂದಿತು. ಬಾಗಿಲಲ್ಲಿ ಕಾಗದವನ್ನೇ ಕಂಡಿಲ್ಲ ಎಂದು ಗುಣಪಾಲ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ. ದನವನ್ನು ಸಾಕ್ಷಿಗೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ.

ಹೊಸ ಸಮನ್ಸು ಕೈಗೆ ಬಂತು. ಈ ಸಲ ಯಜಮಾನರ ಕೈಗೇ ಕೊಡಬೇಕು. ಆದರೆ ನಾನು ಮಂಜೇಶ್ವರದ ಕಡೆಯವ, ಅವರ ಮುಖ ಕಂಡವನಲ್ಲ. ಗುರುತು ತೋರಿಸಲು ಊರಿನ ಒಬ್ಬನೂ ಒಪ್ಪಲಿಲ್ಲ. ಕೊನೆಗೆ ಅಮ್ಮಣ್ಣಿಯೇ “ನಾನು ಬರ್ತೇನೆ” ಎಂದರು. ಖಾಕಿ ಕೋಟನ್ನು ಚೀಲಕ್ಕೆ ತುರುಕಿ, ಹತ್ತು ಹೆಜ್ಜೆಗೊಮ್ಮೆ ಅವರನ್ನು ಕೂರಿಸಿಕೊಳ್ಳುತ್ತಾ ಮಧ್ಯಾಹ್ನದ ಹೊತ್ತಿಗೆ ನಡುಬೈಲು ಮುಟ್ಟಿದೆ.

ಕೋಟು ಕಾಣದ್ದರಿಂದ ಯಾರೂ ಮಂಗಳೂರಿಗೆ ಹೋಗಿರಲಿಲ್ಲ. ಜಗಲಿಯಲ್ಲಿ ಗುಣಪಾಲನ ಪಕ್ಕ ದಪ್ಪ ಮೀಸೆಯ ಮುದುಕರೊಬ್ಬರು ಕಾಲು ಚಾಚಿ ಕೂತಿದ್ದರು. ನಾನು ಸಮನ್ಸು ಹೊರಗೆ ತೆಗೆದೊಡನೆ ಮೀಸೆ ಅದುರಿತು.

“ಮುದ್ದಣ್ಣ ಶೆಟ್ಟರು ನೀವೇ ಅಲ್ವಾ?”

“ಅಲ್ಲಪ್ಪ. ನಾನು ಕಿಟ್ಟಣ್ಣ. ಪುತ್ತೂರಿನವ. ಯಜಮಾನರು ಮಂಗಳೂರಿಗೆ ಹೋಗಿದ್ದಾರೆ.”

ನಾನು ಗೆದ್ದ ಗತ್ತಿನಲ್ಲಿ ಅಮ್ಮಣ್ಣಿಯ ಕಡೆ ತಿರುಗಿದೆ. “ಹೇಳಿ ಅಮ್ಮ, ಇವರು ನಿಮ್ಮ ತಮ್ಮ ಹೌದಾ?”

ಅಮ್ಮಣ್ಣಿ ಮೆಟ್ಟಿಲ ಬುಡದಲ್ಲಿ ಏದುಸಿರು ಬಿಡುತ್ತಾ ಆ ಮುಖವನ್ನು ತುಂಬಾ ಹೊತ್ತು ನೋಡಿದರು.

“ಅಲ್ಲ,” ಎಂದರು.

ಮುದುಕಿಗೆ ಅರಳುಮರಳೇ, ಇಲ್ಲ ಹೆದರಿಕೆಯೇ? ಮೂರು ಸಲ ಸವೆಸಿದ ದಾರಿ ನೀರುಪಾಲಾಯಿತು.

“ನನ್ನ ತಮ್ಮ ಆಗಿದ್ರೆ ಅಕ್ಕ ಅಂಗಳದಲ್ಲಿ ನಿಂತಿರುವಾಗ ಹೀಗೆ ಕಾಲು ಚಾಚಿ ಕೂತಿರ್ತಿರ್ಲಿಲ್ಲ. ಇವರು ಯಾರೋ ಪುತ್ತೂರಿನ ನೆಂಟರು.” ಅವರು ಮೊದಲ ಮೆಟ್ಟಿಲು ಹತ್ತಿದರು. “ತಮ್ಮ ಮನೆಯಲ್ಲಿಲ್ಲ. ನೆಂಟರು ಹಸಿದು ಕೂತಿದ್ದಾರೆ. ಮನೆಗೆ ಹಿರಿಯಳು ನಾನೇ ಅಲ್ವಾ, ನಾನಲ್ಲದೆ ಯಾರು ನೋಡ್ಬೇಕು?”

ಅವರು ಜಗಲಿ ದಾಟಿ ಹೊಸ್ತಿಲಿಗೆ ಬಂದಾಗ ಮುದುಕರು ತಡೆಯಲೆಂದು ದಡಬಡಿಸಿ ಎದ್ದರು. ನನ್ನ ಮಂಡೆಗೆ ಈಗ ಬೆಳಕಾಗಿತ್ತು. ಸಮನ್ಸನ್ನು ಮುದುಕರ ಮೂಗಿನ ಕೆಳಗೆ ಹಿಡಿದೆ.

“ಅವರನ್ನು ತಡೆಯುವ ಹಕ್ಕು ಯಜಮಾನರಿಗೆ ಮಾತ್ರ. ನೀವು ಯಜಮಾನರಾದ್ರೆ ಇಲ್ಲಿ ರುಜು ಹಾಕಿ.”

ಮುದುಕರು ಗುಣಪಾಲನ ಮುಖ ನೋಡಿದರು. ಈ ಮನೆಯವನೇ ಅಲ್ಲದ ಗುಣಪಾಲ ಹಂಚಿನ ಕೆಳಗಿನ ಜಂತಿ ನೋಡಿದ. ಮುದುಕರು ಮೆಲ್ಲನೆ ಮತ್ತೆ ಕೂತರು. ಒಳಗೆ ಪುಷ್ಪಾವತಿ “ದೊಡ್ಡಮ್ಮಾ!” ಎಂದು ಜೋರಾಗಿ ಅಳುವುದು ಕೇಳಿಸಿತು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಚೀಲದಿಂದ ಕೋಟು ತೆಗೆದು ತೊಟ್ಟು, ಜಗಲಿಯಲ್ಲೇ ಕೂತು ವರದಿ ಬರೆದೆ: ಪ್ರತಿವಾದಿ ಮನೆಯಲ್ಲಿಲ್ಲ. ಮನೆಯ ಹಿರಿಯಳಾದ ವಾದಿ ಮನೆಯಲ್ಲಿದ್ದಾರೆ. ಗಟ್ಟಿಯಾಗಿ ಓದಿ ಹೇಳಿ, ಪೆನ್ಸಿಲನ್ನು ಮುದುಕರ ಮುಂದೆ ಚಾಚಿದೆ.

“ಒಂದು ಸಾಕ್ಷಿಯ ರುಜು ಬೇಕು. ನೀವು ಹೊರಗಿನವರು, ನಿಮಗೆ ಎಂತ ತೊಂದರೆ?”

ಬೆವರು ಒರೆಸಿಕೊಂಡು, ಅವರು ‘ಪುತ್ತೂರು ಕಿಟ್ಟಣ್ಣ’ ಎಂದು ಬರೆದುಕೊಟ್ಟರು. ಅಷ್ಟರಲ್ಲಿ ಅಮ್ಮಣ್ಣಿ ಬಾಳೆ ಎಲೆ ಹಿಡಿದು ಬಂದು ಅವರ ಮುಂದೆ ಹಾಸಿದರು.

“ಕಿಟ್ಟಣ್ಣನವರೇ,” ಎಂದರು, “ಊಟ ಮಾಡಿಕೊಂಡೇ ಹೋಗಿ.”