ಒಂದನೇ ಚೌಕಕ್ಕೆ ಮೊದಲ ಬಹುಮಾನ

ದೇವರು ಕೆಲವರಿಗೆ ಕಣ್ಣು ಕೊಟ್ಟು, ನೋಡುವ ಕಷ್ಟವನ್ನು ಮಾತ್ರ ತಪ್ಪಿಸಿಬಿಡುತ್ತಾನೆ. ಬಹುಮಾನದ ಮೇಷ್ಟ್ರು ಅಂಥ ಪುಣ್ಯವಂತರು. ಶಾಲೆಯಲ್ಲಿದ್ದಷ್ಟು ಕಾಲ ಚಿತ್ರ, ಭಾಷಣ, ಕೈಬರಹ, ಯಾವ ಸ್ಪರ್ಧೆಯಾದರೂ ತೀರ್ಪುಗಾರರು ಅವರೇ. ಮಕ್ಕಳು ಬಣ್ಣದ ಡಬ್ಬಿ ತೆರೆಯುವ ಮೊದಲೇ, ಮುಂದಿನ ಸಾಲಿನಲ್ಲಿ ಯಾರ ಅಪ್ಪ ಕೂತಿದ್ದಾರೆಂದು ಒಮ್ಮೆ ನೋಡಿಕೊಂಡು, ತೀರ್ಪನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಸ್ಪರ್ಧೆ ಮುಗಿಯುವ ತನಕ ನೆಮ್ಮದಿಯ ನಿದ್ದೆ. ನಿವೃತ್ತರಾದ ಮೇಲೆ ಊರಿನವರು ತೀರ್ಪು ಕೇಳುವುದನ್ನು ಬಿಟ್ಟರು. ಬಿಡಲು ಆಗದವರು ಮನೆಯವರು.

ಸೊಸೆ ರೆಡಿಮೇಡ್ ಅಂಗಡಿಯೊಂದರಲ್ಲಿ ಗುಂಡಿ ಹಚ್ಚುತ್ತಿದ್ದವಳು. ಒಳ್ಳೆಯ ಕೈ. ಆ ಕೆಲಸ ಬಿಟ್ಟು, ವಾಚನಾಲಯದ ಹಿಂದಿನ ಕೋಣೆಯಲ್ಲಿ ತನ್ನದೇ ಹೊಲಿಗೆ ತರಗತಿ ಶುರು ಮಾಡುವವಳಿದ್ದಳು. ಅಂದು ಮಧ್ಯಾಹ್ನವೇ ಮೊದಲ ಪಾಠ: ಅಂಗಿಯ ಕಾಲರ್. ಬರುವ ಹೆಂಗಸರಿಗೆಲ್ಲ ಒಂದೊಂದು ಕಾಲರಿನ ಅಚ್ಚನ್ನು, ಅಂದರೆ ಕತ್ತರಿಸುವ ಗೆರೆಯಿರುವ ಹಾಳೆಯನ್ನು, ಮನೆಯ ಪ್ರಿಂಟರಿನಲ್ಲಿ ತೆಗೆದು ಕೊಡಬೇಕಿತ್ತು. ಮೊದಲ ದಿನವೇ ಬಟ್ಟೆ ಹಾಳಾದರೆ ಅವರೆಲ್ಲ ಎದುರು ಬೀದಿಯ ಹೊಲಿಗೆ ಶಾಲೆಗೆ ನಡೆಯುತ್ತಾರೆ, ತಾನು ಮತ್ತೆ ಗುಂಡಿಗೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಿಂದಿನ ದಿನ ಮಾವ ಪ್ರಿಂಟರನ್ನು ಅವಳ ಹೊಲಿಗೆ ಮೇಜಿನಿಂದ ಎತ್ತಿ ನಡುಮನೆಗೆ ತಂದಿದ್ದರು. ಅದು ಬಂದವರ ಕಣ್ಣಿಗೆ ಬೀಳಬೇಕಾದ ವಸ್ತುವಂತೆ. ಹೊಸಿಲು ಎಡವಿ, ಅದನ್ನು ಗೋಡೆಗೆ ಒಮ್ಮೆ ಗುದ್ದಿಸಿ, ಏನೂ ಆಗಿಲ್ಲವೆಂದು ತೀರ್ಪು ಕೊಟ್ಟಿದ್ದರು.

ಬೆಳಿಗ್ಗೆ ಅಚ್ಚು ತೆಗೆದರೆ ಪ್ರತಿ ಗೆರೆಯ ಪಕ್ಕದಲ್ಲೂ ಇನ್ನೊಂದು ಗೆರೆ, ಬೇಡದ ನೆಂಟನ ಹಾಗೆ, ಅಂಟಿಕೊಂಡೇ ಬಂತು.

"ಮಾವ, ಒಳಗಡೆ ಶಾಯಿ ಬಿಡೋ ತಲೆ ಜರುಗಿದೆ. ಹೋಗ್ತಾ ಒಂದು ಕಡೆ, ಬರ್ತಾ ಒಂದು ಕಡೆ ಬರೀತಿದೆ. ಸ್ವಲ್ಪ ಏಳ್ತೀರಾ, ನಾನು ಸರಿಮಾಡ್ತೀನಿ."

"ನಾನಿಲ್ವೇನಮ್ಮಾ?" ಎಂದರು ಮೇಷ್ಟ್ರು. ಕಂಪ್ಯೂಟರಿನ ಮುಂದಿನ ಕುರ್ಚಿಯೂ ಮೌಸೂ ಒಮ್ಮೆ ಅವರ ವಶಕ್ಕೆ ಹೋದರೆ ಹೋದ ಹಾಗೆಯೇ. ಮೊದಲು ತಲೆ ತೊಳೆಯುವ ಗುಂಡಿ ಒತ್ತಿದರು. ಪ್ರಿಂಟರು ಗೊರಗೊರ ಎಂದು ಶಾಯಿ ಕುಡಿಯಿತು. ಗೆರೆ ಎರಡೇ. ಮತ್ತೊಮ್ಮೆ ಒತ್ತಿದರು. ಮತ್ತೆ ಕುಡಿಯಿತು.

"ಶಾಯಿ ಖಾಲಿಯಾಗುತ್ತೆ ಮಾವ! ಅದು ಕೊಳೆಯಾಗಿಲ್ಲ, ಜರುಗಿದೆ."

ಆಗ ಅವರು ದೊಡ್ಡ ಮನಸ್ಸು ಮಾಡಿ, ಜರುಗಿದ ತಲೆಯನ್ನು ಸರಿಹೊಂದಿಸುವ ಜೋಡಣೆಯ ಗುಂಡಿ ಒತ್ತಿದರು. ಪರೀಕ್ಷೆಯ ಹಾಳೆಯೊಂದು ಹೊರಬಂತು. ಅದರಲ್ಲಿ ಸಾಲು ಸಾಲು ಚೌಕಗಳು, ಕೆಳಗೆ ಒಂದರಿಂದ ಐದರವರೆಗೆ ನಂಬರು. ಪ್ರತಿ ಸಾಲಿನಲ್ಲೂ ಪಟ್ಟೆಯಿಲ್ಲದ ಚೌಕ ಯಾವುದೆಂದು ನೋಡಿ ಹೇಳಿ ಎಂದು ಕಂಪ್ಯೂಟರು ವಿನಯದಿಂದ ಕೇಳಿತು.

ಮೇಷ್ಟ್ರ ಮುಖ ಬೆಳಗಿತು. ಎಷ್ಟೋ ಕಾಲದ ಮೇಲೆ ಯಾರೋ ಅವರ ಅಭಿಪ್ರಾಯ ಕೇಳಿದ್ದರು! ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿ, "ಒಂದು," ಎಂದು ಒತ್ತಿದರು. ಮುಂದಿನ ಸಾಲು: "ಒಂದು." ಅದರ ಮುಂದಿನದು: "ಒಂದು."

"ಹಾಳೇನೇ ನೋಡಲಿಲ್ಲವಲ್ಲ ಮಾವ!"

"ನೋಡೋದೇನು? ಮೊದಲು ನಿಂತವನು ಮೊದಲಿಗ."

ಪ್ರಿಂಟರು ಅವರ ಬಾಳಿನಲ್ಲಿ ಸಿಕ್ಕ ಅತ್ಯಂತ ವಿಧೇಯ ಶಿಷ್ಯ. ಸೊಟ್ಟಗಿರುವುದೇ ನೆಟ್ಟಗೆ ಎಂದು ಗುರುಗಳು ಹೇಳಿದರೆ ಹಾಗೇ ಆಗಲಿ ಎಂದು, ಎರಡು ಗೆರೆಗಳ ನಡುವೆ ಇರುವೆ ಸಾಲು ಹೋಗುವಷ್ಟು ಜಾಗ ಬಿಟ್ಟು ಕಾಲರನ್ನು ಬರೆಯಿತು.

"ಭೇಷ್," ಎಂದರು ಮೇಷ್ಟ್ರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಹಾಳೆಯನ್ನು ನೋಡಿ, "ರೀ, ನನಗೆ ಎರಡೆರಡು ಕಾಣ್ತಿದೆ," ಎಂದರು.

"ನಿನಗೆ ಪೊರೆ ಬಂದಿದೆ."

ಸೊಸೆ ಗಡಿಯಾರ ನೋಡಿದಳು. ಅತ್ತರೆ ಹೊತ್ತು ಹೋಗುತ್ತದೆ, ವಾದಿಸಿದರೆ ಇನ್ನೂ ಹೆಚ್ಚು ಹೋಗುತ್ತದೆ. ಒಳಗೆ ಹೋಗಿ, ಮಾವ ಸನ್ಮಾನದ ಅಂಗಿಗೆಂದು ತೆಗೆದಿಟ್ಟಿದ್ದ ಹಾಲುಬಣ್ಣದ ರೇಷ್ಮೆ ಬಟ್ಟೆಯನ್ನೂ ಕತ್ತರಿಯನ್ನೂ ತಂದಳು. ಬಟ್ಟೆ ಹರಡಿ, ಮೇಲೆ ಆ ಕಾಲರಿನ ಹಾಳೆಯನ್ನಿಟ್ಟು ಗುಂಡುಸೂಜಿ ಚುಚ್ಚಿದಳು.

"ಏನಮ್ಮಾ ಇದು?"

"ನೀವೇ ನೆಟ್ಟಗಿದೆ ಅಂದಿರಲ್ಲ ಮಾವ. ಹೊಲಿದುಕೊಡು ಅಂತ ದಿನಾ ಹೇಳ್ತಿದ್ರಿ. ಮೊದಲ ಕಾಲರ್ ನಿಮ್ಮದೇ ಆಗಲಿ." ಕತ್ತರಿಯ ಬಾಯಿ ತೆರೆಯಿತು. "ಹೊರಗಿನ ಗೆರೆ ಮೇಲೆ ಹೋಗಲೋ, ಒಳಗಿನದರ ಮೇಲೋ?"

"ಇರು ಇರು ಇರು!"

"ಒಂದೇ ಗೆರೆ ಅಲ್ವಾ ಮಾವ?"

"ಇರು ಅಂದೆನಲ್ಲ! ಸನ್ಮಾನದ ಬಟ್ಟೆ ಅದು!"

"ಆ ಹೆಂಗಸರು ತರೋದೂ ಬಟ್ಟೇನೇ," ಎಂದಳು ಸೊಸೆ. ದನಿ ಏರಿಸಲಿಲ್ಲ. ಕತ್ತರಿಯನ್ನೂ ಮುಚ್ಚಲಿಲ್ಲ.

ಮೇಷ್ಟ್ರು ಬೋರಲಾಗಿದ್ದ ಪರೀಕ್ಷೆಯ ಹಾಳೆಯನ್ನು ಎತ್ತಿಕೊಂಡರು, ಕನ್ನಡಕ ಹುಡುಕಿದರು, ಕಿಟಕಿಯ ಬೆಳಕಿಗೆ ಹಿಡಿದರು. ಬಹುಶಃ ಜೀವನದಲ್ಲಿ ಮೊದಲ ಸಲ ಒಬ್ಬ ಸ್ಪರ್ಧಿಯ ಕೆಲಸವನ್ನು ನೋಡಿದರು. ಭಗವಂತನ ಕರುಣೆ ದೊಡ್ಡದು. ಕಣ್ಣು ಇನ್ನೂ ಕೆಲಸ ಮಾಡುತ್ತಿತ್ತು.

"ಒಂದನೇದರಲ್ಲಿ... ಸ್ವಲ್ಪ ಪಟ್ಟೆ ಇದೆ," ಎಂದರು. ಗಂಟಲು ಸರಿಮಾಡಿಕೊಂಡರು. "ಮೂರನೇ ಚೌಕಕ್ಕೆ ಬೇಕಾದರೆ ಸಮಾಧಾನಕರ ಬಹುಮಾನ ಕೊಡಬಹುದು."

"ಕೊಡಿ ಮಾವ. ಎರಡನೇ ಸಾಲಲ್ಲಿ?"

"ನಾಲ್ಕು. ಸಮಾಧಾನಕರ."

ಹೀಗೆ ಎಲ್ಲ ಸಾಲುಗಳಿಗೂ ಸಮಾಧಾನಕರ ಬಹುಮಾನಗಳು ಸಂದವು. ಮೊದಲ ಬಹುಮಾನವನ್ನು ಮಾತ್ರ ಹಿಂತೆಗೆದುಕೊಳ್ಳಲಾಗಿಲ್ಲ ಎಂದು ಮೇಷ್ಟ್ರು ಸ್ಪಷ್ಟಪಡಿಸಿದರು. ಪ್ರಿಂಟರು ಆ ಸೂಕ್ಷ್ಮ ತಿಳಿಯದೆ, ಕೂದಲೆಳೆಯಂಥ ಒಂದೇ ಗೆರೆ ಎಳೆದು ಕಾಲರನ್ನು ಹೊರಹಾಕಿತು.

ಉಳಿದಿದ್ದ ಶಾಯಿ ಕೊನೆಯ ಹಾಳೆಯ ತನಕ ಹೇಗೋ ಬಂತು. ಸೊಸೆ ರೇಷ್ಮೆ ಬಟ್ಟೆಯನ್ನು ಮಡಚಿ ಮಾವನ ಕೈಗೆ ಕೊಟ್ಟು ಓಡಿದಳು.

ವಾಚನಾಲಯದ ಹಿಂದಿನ ಕೋಣೆಯಲ್ಲಿ ಹೆಂಗಸರು ಬಟ್ಟೆ ಹರಡಿ, ಅಚ್ಚು ಇಟ್ಟು, ಕತ್ತರಿ ಹಿಡಿದು ಕಾಯುತ್ತಿದ್ದರು. ಯಾರಿಗೂ ಮೊದಲು ಶುರುಮಾಡುವ ಧೈರ್ಯವಿಲ್ಲ. ಒಬ್ಬಾಕೆ ಪಕ್ಕದವಳನ್ನು ನೋಡಿದಳು, ಪಕ್ಕದವಳು ಟೀಚರನ್ನು ನೋಡಿದಳು.

"ಅಕ್ಕಾ, ಸರಿಯಾಗಿದೆಯಾ ಹೇಳಿ?"

"ನನ್ನ ಮುಖದಲ್ಲಿ ಏನಿದೆ?" ಎಂದಳು ಸೊಸೆ. "ಗೆರೆ ನೋಡಿ ಕತ್ತರಿಸಿ."